ಮೇಷ್ಟ್ರು ಮಾರಿದ ಕತ್ತೆ

“ಗುರುಗಳೇ, ಗ್ರಂಥದ ಭಾಷೆ ದೊಡ್ಡದೋ, ಊರ ಮಾತು ದೊಡ್ಡದೋ?” ಎಂದು ಶಿಷ್ಯ ಕೇಳಿದ. “ನಾನು ಹನ್ನೆರಡು ವರ್ಷ ಓದಿ ಶುದ್ಧವಾಗಿ ಮಾತಾಡುತ್ತೇನೆ. ಮಠಕ್ಕೆ ಬಂದವರು ನನಗೆ ಕೈಮುಗಿಯುತ್ತಾರೆ, ಹೋಗಿ ಅಡುಗೆಯವನ ಹತ್ತಿರ ಕೂರುತ್ತಾರೆ. ಅವನ ಬಾಯಲ್ಲಿ ಒಂದು ಪದವೂ ನೆಟ್ಟಗಿಲ್ಲ. ಅವನನ್ನು ತಿದ್ದಲೇ?”

ಗುರುಗಳು ಹೇಳಿದರು:

ಸ್ಪೇನ್ ಎಂದು ಒಂದು ದೇಶ. ಅಲ್ಲಿ ರಾಜಧಾನಿಯ ಕಡೆಯವರ ಮಾತೇ ಪುಸ್ತಕಕ್ಕೆ, ಶಾಲೆಗೆ, ಕಚೇರಿಗೆ. ದಕ್ಷಿಣದ ಸೀಮೆಯವರು ಆಡುವುದೂ ಅದೇ ಭಾಷೆ, ಆದರೆ ಪದದ ಬಾಲವನ್ನು ನುಂಗಿಬಿಡುತ್ತಾರೆ. ನುಂಗಲಿ ಬಿಡು, ಹೊಟ್ಟೆ ಅವರದು. ಅಂಥ ಒಂದು ಊರಿಗೆ ರಾಜಧಾನಿಯಿಂದ ಒಬ್ಬ ಮೇಷ್ಟ್ರು ಬಂದ. ಆಲಿವ್ ತೋಟದಲ್ಲಿ ಒಬ್ಬ ಹೆಣ್ಣುಮಗಳು ತನ್ನ ಕತ್ತೆಯನ್ನು ಬೈಯುತ್ತಿದ್ದಳು. ಆ ಬೈಗುಳಕ್ಕೇ ಮನಸೋತು ಅವಳನ್ನು ಮದುವೆಯಾದ.

ಮಾರನೆಯ ದಿನದಿಂದಲೇ ಅವಳನ್ನು ತಿದ್ದತೊಡಗಿದ. ಮೇಷ್ಟ್ರಲ್ಲವೇ, ಸುಮ್ಮನಿರುತ್ತಾನೆಯೇ? ಉಪ್ಪು ಮುಗಿದಿದೆ ಎಂದು ಆಕೆ ಹೇಳಿದರೆ, ಉಪ್ಪನ್ನು ಬಿಟ್ಟು ಉಚ್ಚಾರಣೆಯನ್ನು ಹಿಡಿಯುತ್ತಿದ್ದ. ಆಕೆ ಜಾಣೆ, ಬೇಗ ಕಲಿತಳು. ವರ್ಷ ಕಳೆಯುವುದರೊಳಗೆ ಗಂಡನೊಡನೆ ಅವಳ ಮಾತು ಅಚ್ಚು ಹಾಕಿದಷ್ಟು ಶುದ್ಧವಾಯಿತು. ಅಷ್ಟೇ ಕಡಿಮೆಯೂ ಆಯಿತು.

ಕೊಟ್ಟಿಗೆಯಲ್ಲಿ ಮಾತ್ರ ಹಳೆಯ ಮಾತು. ನಮ್ಮ ಕಡೆಯವರ ಬಾಯಲ್ಲಿ ಹೇಳುವುದಾದರೆ, “ಏನ್ಲಾ ದೊರೆ, ನಿಂತ್ಕಂಡೇ ನಿದ್ದೆ ಮಾಡೀಯಾ? ನಿಂಗೇನು ಹಾಸ್ಗೆ ಹಾಸ್ಕೊಡ್ಲಾ?” ಎಂದು ಕತ್ತೆಯನ್ನು ಬೈದು, ಕಿವಿ ತಿಕ್ಕಿ ನಗುತ್ತಿದ್ದಳು. ಗೋಡೆಯಾಚೆ ಮೇಷ್ಟ್ರಿಗೆ ಹೊಟ್ಟೆ ಉರಿಯುತ್ತಿತ್ತು. ಗಂಡಸರು ಪರಗಂಡಸಿನ ಮೇಲೆ ಹೊಟ್ಟೆಕಿಚ್ಚು ಪಡುವುದುಂಟು. ಇವನದು ಕತ್ತೆಯ ಮೇಲೆ. ತಡೆಯಲಾರದೆ ಒಂದು ದಿನ ಅದನ್ನು ಸಂತೆಗೆ ಹೊಡೆದುಕೊಂಡು ಹೋಗಿ ಮಾರಿಬಂದ.

ಆಕೆ ಅಳಲಿಲ್ಲ. “ತಮಗೆ ಸರಿ ತೋರಿದ್ದನ್ನು ಮಾಡಿದ್ದೀರಿ” ಎಂದಳು. ಒಂದಕ್ಷರವೂ ತಪ್ಪಿರಲಿಲ್ಲ.

ಹತ್ತು ದಿನ ಮನೆಯಲ್ಲಿ ನಗುವಿಲ್ಲ. ಹನ್ನೊಂದನೆಯ ದಿನ ಮೇಷ್ಟ್ರು ಅವಳೆದುರು ಬಂದು ಕುಳಿತ. “ನನ್ನನ್ನು ಒಂದೇ ಒಂದು ಸಲ ಬೈಯಿ. ಆ ಕತ್ತೆಯನ್ನು ಬೈಯುತ್ತಿದ್ದ ಹಾಗೆ.”

ಆಕೆ ಬಾಯಿ ತೆರೆದಳು. ಸ್ವಲ್ಪ ಹೊತ್ತು ಯತ್ನಿಸಿದಳು. “ಬರುತ್ತಿಲ್ಲ” ಎಂದಳು. “ಕತ್ತೆ ನನ್ನನ್ನು ತಿದ್ದುತ್ತಿರಲಿಲ್ಲ.”

ಕತೆ ಮುಗಿಸಿ ಗುರುಗಳು ಶಿಷ್ಯನನ್ನು ನೋಡಿದರು. “ಅಡುಗೆಯವನನ್ನು ನಾಳೆ ತಿದ್ದುವೆಯಂತೆ, ದಿನಾ ಊಟಕ್ಕೆ ನೀನು ಮಣೆಯನ್ನು ಅವನ ಒಲೆಯ ಪಕ್ಕಕ್ಕೇ ಎಳೆದುಕೊಳ್ಳುವುದು ಏಕೆ, ಅದನ್ನು ಇವತ್ತು ಹೇಳು.”