ವೇಬ್ರಿಡ್ಜ್ ಮತ್ತು ಬೂದಿ

ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಲಾರಿಗಳನ್ನು ತೂಗುತ್ತಿದ್ದ ವೇಬ್ರಿಡ್ಜಿಗೆ, ತನ್ನ ಮೇಲೆ ಹಾದ ಸರಕಿನ ಗುರುತೆಲ್ಲ ತನಗಿದೆಯೆಂಬ ಜಂಬ. ಒಮ್ಮೆ ಬಾಯ್ಲರಿನ ಬೂದಿ ಲಾರಿಯೇರಿ ಬಂತು.

“ಯಾರು ನೀನು? ಒಳಗೆ ಬಂದದ್ದನ್ನು ನಾನು ಕಂಡೇ ಇಲ್ಲ!” ಎಂದು ವೇಬ್ರಿಡ್ಜ್ ಗದರಿತು.

“ಕಬ್ಬಾಗಿ ಬಂದಿದ್ದೆನಲ್ಲ, ಅಣ್ಣ. ರಸ ಸಕ್ಕರೆಗೆ ಹೋಯಿತು, ಸಿಪ್ಪೆ ಬಾಯ್ಲರಿಗೆ. ಈಗ ಪಕ್ಕದ ಇಟ್ಟಿಗೆ ಕಾರ್ಖಾನೆಗೆ ಹೊರಟಿದ್ದೇನೆ.”

“ಸುಟ್ಟುಹೋದ ಮೇಲೆ ಇನ್ನೆಂಥ ಕೆಲಸ? ಹೋಗಿ ತಿಪ್ಪೆಗೆ ಬೀಳು.”

“ನೀನು ತೂಕ ಹಾಕು, ಸಾಕು,” ಎಂದು ಬೂದಿ ನಗುತ್ತ ಸಾಗಿತು.

ಹಂಗಾಮು ಮುಗಿಯುವ ಮೊದಲೇ ವೇಬ್ರಿಡ್ಜಿನ ಅಡಿಪಾಯ ಕುಸಿಯಿತು. ಅದನ್ನು ಗುಜರಿಗೆ ಹಾಕುವ ಮಾತೂ ಎದ್ದಿತು. ಅಷ್ಟರಲ್ಲಿ ದುರಸ್ತಿಗೆಂದು ಬೂದುಬಣ್ಣದ ಇಟ್ಟಿಗೆಗಳು ಬಂದಿಳಿದವು.

“ಯಾರಪ್ಪ ನೀವು?” ವೇಬ್ರಿಡ್ಜ್ ಮೆತ್ತಗೆ ಕೇಳಿತು.

“ಮತ್ತೆ ಗುರುತು ಸಿಗಲಿಲ್ಲವೇ? ಅದೇ ಬೂದಿ. ಈ ಸಲ ನನ್ನನ್ನು ತೂಗಬೇಡ, ಅಣ್ಣ. ಸುಮ್ಮನೆ ನನ್ನ ಮೇಲೆ ನಿಂತುಕೊ.”