ಹೊಳೆಯ ನಡುಗೆರೆ ಗಿಡ್ಡವಾದದ್ದು

ಲೋಕ ಆಗಿನ್ನೂ ಹೊಸದು. ಬೆಟ್ಟಕ್ಕೆ ಮಾತು ಬರುತ್ತಿತ್ತು. ಹೊಳೆ ದಡದಿಂದ ದಡದವರೆಗೂ ಒಂದೇ ವೇಗದಲ್ಲಿ ಹರಿಯುತ್ತಿತ್ತು. ಬರೆಯುವುದೊಂದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಜಪಾನಿನ ಒಂದು ಬೆಟ್ಟದ ಮೇಲೆ ಸಾಯೊ ಎಂಬ ಹುಡುಗಿ ಸೌದೆ ಕಡಿಯುತ್ತಿದ್ದಳು. ಪ್ರತಿ ತುಂಡಿಗೂ ಇದ್ದಿಲಿನ ಬೊಟ್ಟಿಟ್ಟು ಹೊಳೆಗೆ ಬಿಡುವಳು. ಕೆಳಗೆ ದಡದ ಗುಡಿಸಲಿನಲ್ಲಿದ್ದ ಅಜ್ಜಿ ಬೊಟ್ಟು ನೋಡಿ, ತಮ್ಮದೆಂದು ಎಳೆದುಕೊಳ್ಳುವಳು. ಅಜ್ಜಿಗೆ ಕಿವಿ ಕೇಳಿಸದು.

ಒಂದು ಮಧ್ಯಾಹ್ನ ಬೆಟ್ಟ ನರಳಿತು. “ಮಗೂ, ನನ್ನ ತೋಳಲ್ಲಿರುವ ಕೆರೆ ಜಾರುತ್ತಿದೆ. ಸೂರ್ಯ ನನ್ನ ಹೆಗಲಿಗೆ ಬರುವತನಕ ಹಿಡಿದಿರುತ್ತೇನೆ. ಆಮೇಲೆ ಕೈಲಾಗದು.”

ಸಾಯೊ ಕೊಡಲಿ ಬಿಟ್ಟು ಬಗ್ಗಿ ನೋಡಿದಳು. ಕೆಳಗೆ ಅಜ್ಜಿ. ಓಡಿ ಇಳಿದರೂ ಸಂಜೆಯಾಗುತ್ತದೆ.

“ಗಾಳಿಯಣ್ಣ, ಹೋಗಿ ಹೇಳ್ತೀಯಾ?”

“ಹೇಳೋದೇನೋ ಹೇಳ್ತೀನಿ. ಮೊನ್ನೆ ಅವರ ಕಿವಿಯಲ್ಲೇ ಕೂಗಿದೆ. ನೊಣ ಓಡಿಸಿದ ಹಾಗೆ ಕೈ ಬೀಸಿದರು.”

ಹೊಳೆ ಬಿಟ್ಟು ಬೆಟ್ಟಕ್ಕೆ ಬಾ ಎಂದು ಅಜ್ಜಿಗೆ ಹೇಗಾದರೂ ತಿಳಿಸಬೇಕು. ಸಾಯೊ ಹಲಗೆಯೊಂದನ್ನು ಎತ್ತಿಕೊಂಡಳು. ಬೊಟ್ಟಿಟ್ಟಳು. ಪಕ್ಕದಲ್ಲಿ ಬೆಟ್ಟ ಬರೆದಳು: ಮೂರು ಶಿಖರ, ನಡುವಿನದು ಎತ್ತರ, 山. ಆಮೇಲೆ ಹೊಳೆ. ಎಡಕ್ಕೊಂದು ಉದ್ದ ಗೆರೆ. ನಡುವಿನದನ್ನು ಎಳೆಯುತ್ತಿದ್ದಂತೆ ಹೊಳೆ ಗದರಿತು.

“ಅಷ್ಟು ಸಾಕು ಕಣೇ, ಕೊಡಿಲ್ಲಿ.”

ನಡುಗೆರೆ ಅಲ್ಲಿಗೇ ನಿಂತಿತು. ಬಲಕ್ಕೊಂದು ಸರ್ರನೆ ಎಳೆದು, 川, ಹಲಗೆ ಬಿಟ್ಟಳು.

“ಓಡು, ಹೊಳೆಯಕ್ಕ.”

“ನಡುನೀರು ಓಡಲಿ. ಅಂಚಿನ ನೀರು ಹುಲ್ಲು ಹಿಡಿದುಕೊಂಡು ನಿಧಾನಕ್ಕೆ ಬರಲಿ. ಎಲ್ಲಾ ಒಟ್ಟಿಗೆ ನುಗ್ಗಿದರೆ ನಿಮ್ಮಜ್ಜಿ ಗುಡಿಸಲನ್ನ ನಾನೇ ಕೊಚ್ಚಿಕೊಂಡು ಹೋದೇನು.”

ಬಂಡೆಯ ಮೇಲಿಂದ ಸಾಯೊ ನೋಡಿದಳು. ಇರುವೆಯಷ್ಟು ಅಜ್ಜಿ. ಅವಳು ಹಲಗೆ ಎಳೆದುಕೊಂಡಳು, ತಿರುಗಿಸಿ ನೋಡಿದಳು, ಒಳಗೆ ಹೋದಳು. ಒಳಗಿರುವುದು ಒಲೆ.

ಸೂರ್ಯ ಬೆಟ್ಟದ ಹೆಗಲ ಹತ್ತಿರ ಬಂದ.

“ಇನ್ನೊಂದು ಗಳಿಗೆ,” ಎಂದಳು ಸಾಯೊ. ಬೆಟ್ಟ ಹಲ್ಲು ಕಚ್ಚಿತು.

ಅಜ್ಜಿ ಹೊರಗೆ ಬಂದಳು, ಹಲಗೆ ಕೈಯಲ್ಲೇ ಇತ್ತು. ಹಲಗೆ ನೋಡಿದಳು, ಹೊಳೆ ನೋಡಿದಳು. ಹಲಗೆ ನೋಡಿದಳು, ತಲೆಯೆತ್ತಿ ಬೆಟ್ಟ ನೋಡಿದಳು. ಆಮೇಲೆ ಸೀರೆಯಂತಿದ್ದ ಉದ್ದ ಅಂಗಿಯನ್ನು ಮೇಲಕ್ಕೆ ಸಿಕ್ಕಿಸಿ, ಏರು ಹತ್ತತೊಡಗಿದಳು.

ಸೂರ್ಯ ಹೆಗಲು ಮುಟ್ಟಿದ. ಬೆಟ್ಟ ಕೈಬಿಟ್ಟಿತು. ಗುಡಿಸಲಿದ್ದ ಜಾಗದಲ್ಲಿ ನೀರೇ ನೀರು.

ಸಂಜೆ ಅರ್ಧ ದಾರಿಯಲ್ಲಿ ಇಬ್ಬರೂ ಸಿಕ್ಕರು. ಅಜ್ಜಿ ಹಲಗೆ ಅವುಚಿಕೊಂಡೇ ಇದ್ದಳು. “ಬಾಚಣಿಗೆ ಬರೆದಿದ್ದೀಯ ಅಂದ್ಕೊಂಡೆ ಕಣೇ. ಒಲೆಗಿಡೋದ್ರಲ್ಲಿದ್ದೆ,” ಎಂದಳು.

ಅದಕ್ಕೇ ಪುಟ್ಟಾ, ಇವತ್ತಿಗೂ ಸೇತುವೆಯಿಂದ ಬಗ್ಗಿ ನೋಡಿದರೆ ಅಂಚಿನ ನೀರು ಹುಲ್ಲು ಹಿಡಿದು ನಿಧಾನಿಸುತ್ತದೆ, ನಡುವಿನದು ಓಡುತ್ತದೆ. ನಿನ್ನ ಜಪಾನಿ ಪುಸ್ತಕದಲ್ಲಿ ಹೊಳೆಗೆ ಮೂರು ಗೆರೆ, ಅವುಗಳಲ್ಲಿ ನಡುವಿನದೇ ಗಿಡ್ಡ.