ಗೆರೆಯ ತುದಿಗೊಂದು ಚುಕ್ಕೆ

"ಮೇಸ್ತ್ರಿ, ಬಿಗಿ ಮಾಡಿದ ನಟ್ಟು ತಾನಾಗೇ ಸಡಿಲ ಆಗ್ತದಾ?" ಎಂದು ಪಾಲಯ್ಯ ಕೇಳಿದ.

"ಬೇರೆಯವರದ್ದು ಆಗಬಹುದು. ನಾನು ಬಿಗಿ ಮಾಡಿದ್ದು ಇಲ್ಲಿವರೆಗೆ ಒಂದೂ ಸಡಿಲ ಆಗಿಲ್ಲ" ಎಂದ ಓಬಣ್ಣ ಮೇಸ್ತ್ರಿ. "ಒಂದು ಲಾರಿ ಕಣಿವೆಗೆ ಬಿತ್ತು. ಏಳು ಪಲ್ಟಿ. ಎಂಜಿನ್ ಒಂದು ಕಡೆ, ಟೈರು ಒಂದು ಕಡೆ. ನಾನು ಕಟ್ಟಿದ ಬಾಡಿ ಮಾತ್ರ ದಿಬ್ಬಣಕ್ಕೆ ಹೊರಟ ಹಾಗೆ ನೆಟ್ಟಗೆ ನಿಂತಿತ್ತು. ಒಳಗೆ ಮೊಟ್ಟೆ ಲೋಡು. ಒಂದು ಮೊಟ್ಟೆ ಬಿರುಕು ಬಿಟ್ಟಿದ್ದರೆ ಕೇಳು."

ಆ ಲಾರಿ ಓಡಿಸುತ್ತಿದ್ದವನು ತೀರಿಕೊಂಡು ಹನ್ನೆರಡು ವರ್ಷ. ಲಾರಿ ಗುಜರಿಗೆ ಹೋಗಿ ಕರಗಿದೆ. ಕಣಿವೆಯನ್ನು ಕ್ವಾರಿಯವರು ಮಣ್ಣು ಸುರಿದು ಮುಚ್ಚಿದ್ದಾರೆ. ಮೊಟ್ಟೆಗಳಂತೂ ಸಾಕ್ಷಿ ಹೇಳಲು ಉಳಿದಿಲ್ಲ. ಪಾಲಯ್ಯ ಸುಮ್ಮನೆ ತಲೆಯಾಡಿಸಿದ. ಹದಿನೈದು ವರ್ಷ ಇದೇ ಶೆಡ್ಡಿನಲ್ಲಿ, ಇದೇ ಗುರುವಿನ ಕೈಕೆಳಗೆ ಲಾರಿಗಳಿಗೆ ಬಾಡಿ ಕಟ್ಟಿದವನು ಅವನು. ಮೇಸ್ತ್ರಿಯ ಮಾತಿನಲ್ಲಿ ಕಬ್ಬಿಣ ಎಷ್ಟು, ಬಣ್ಣ ಎಷ್ಟು ಎಂಬುದು ಅವನಿಗೆ ಗೊತ್ತಿತ್ತು.

"ಲಾರಿ ಮಾತಲ್ಲ ಮೇಸ್ತ್ರಿ. ಮಗಳ ಟ್ರಕ್ಕಿನ ಮಾತು" ಎಂದ.

ಮಗಳು ಸಿಂಚನಾಗೆ ಎಂಟು ವರ್ಷ. ಅವಳಿಗೆಂದು ಪಾಲಯ್ಯ ರಿಮೋಟಿನಲ್ಲಿ ಓಡುವ ಟ್ರಕ್ಕಿನ ಕಿಟ್ ತಂದಿದ್ದ. ಡಬ್ಬಿಯೊಳಗೆ ಬಿಡಿಭಾಗ, ಜೋಡಿಸಿಕೊಳ್ಳಬೇಕು. ಒಂದು ಭಾನುವಾರ ಕೂತು ತಾನೇ ಜೋಡಿಸಿದ. ಓಟ ಸಾಲದೆನಿಸಿತು, ದೊಡ್ಡ ಮೋಟಾರು ಹಾಕಿದ. ಅದರ ರಭಸಕ್ಕೆ ಪ್ಲಾಸ್ಟಿಕ್ ಗೇರಿನ ಹಲ್ಲು ಸವೆಯಿತು, ಉಕ್ಕಿನ ಗೇರು ಹಾಕಿದ. ಆಮೇಲೆ ದಪ್ಪ ಟೈರು. ಕೊನೆಗೆ ಶೆಡ್ಡಿನ ಪದ್ಧತಿಯಂತೆ ಪ್ರತಿ ನಟ್ಟಿಗೂ ಗುರುತು ಮಾಡಿದ. ನಟ್ಟಿನ ಮೇಲಿಂದ ಪಕ್ಕದ ತಗಡಿನವರೆಗೆ ಒಂದೇ ಕೆಂಪು ಗೆರೆ, ಗೆರೆಯ ತುದಿಗೊಂದು ಚುಕ್ಕೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದು ಕಾಣುತ್ತದೆ.

"ದಿನಾ ಸಂಜೆ ಮನೆಗೆ ಹೋಗಿ ನೋಡಿದರೆ ನಟ್ಟಿನ ಗೆರೆ ಒಂದು ದಿಕ್ಕು, ತಗಡಿನ ಗೆರೆ ಒಂದು ದಿಕ್ಕು. ಅಂಗಡಿಯವನು ಸವೆದ ಸ್ಕ್ರೂ ಕೊಟ್ಟನೇನೋ ಅಂತ ಮೊದಲು ಅವನ ಮೇಲೆ ಅನುಮಾನ ಬಂತು. ಆಮೇಲೆ ಪಕ್ಕದ ಮನೆಯವರ ಮೇಲೆ. ಭಾಮೈದ ಬಂದು ಹೋದ ದಿನ ಅವನ ಚೀಲಾನೂ ತಡಕಿದೆ. ಮಗಳನ್ನ ಕೇಳಿದರೆ ನಂಗೊತ್ತಿಲ್ಲ ಅಂತಾಳೆ. ನನ್ನ ಮುಖ ನೋಡಿ ಹೇಳಲ್ಲ, ನೆಲ ನೋಡಿ ಹೇಳ್ತಾಳೆ."

ಅವನು ಜೇಬಿನಿಂದ ಒಂದು ಟ್ಯೂಬು ತೆಗೆದು ತೋರಿಸಿದ. ನಟ್ಟಿಗೆ ಹಾಕುವ ಗೋಂದು. ಒಣಗಿತೆಂದರೆ ಪಾನಾ ಮುರಿಯಬೇಕು, ನಟ್ಟು ತಿರುಗದು.

"ಇವತ್ತು ಸಂಜೆ ಎಲ್ಲದಕ್ಕೂ ಇದನ್ನ ಹಾಕಿಬಿಡ್ತೀನಿ. ಹಾಕಿದ ಮೇಲೆ ಒಳಗಿನದನ್ನ ಬದಲಾಯಿಸೋಕೆ ಆಗಲ್ಲ. ಅದಕ್ಕೇ ಕೇಳೋಣ ಅಂತ ಬಂದೆ. ಇನ್ನೂ ದೊಡ್ಡ ಮೋಟಾರು ಹಾಕಲೋ, ಇರೋದೇ ಸಾಕೋ?"

ಮೇಸ್ತ್ರಿ ಟ್ಯೂಬನ್ನು ನೋಡಿದ. ತುಟಿಗಿಟ್ಟಿದ್ದ ಬೀಡಿಯನ್ನು ಹಚ್ಚದೆ ಕಿವಿಯ ಹಿಂದೆ ಸಿಕ್ಕಿಸಿದ.

"ಕೂತ್ಕೋ, ಹೇಳ್ತೀನಿ" ಎಂದ.

ಒಬ್ಬ ಡ್ರೈವರ್ ಇದ್ದ. ಅವನಿಗೊಬ್ಬಳೇ ಮಗಳು. ಅವಳಿಗೊಂದು ಆಟದ ಟ್ರಕ್ಕು ಕೊಡಿಸಲು ಮುಂಬೈಗೆ ಕರೆದುಕೊಂಡು ಹೋದ. ಆ ಅಂಗಡಿ ಎಷ್ಟು ದೊಡ್ಡದೆಂದರೆ ಈ ಬಾಗಿಲಿನಿಂದ ಆ ಬಾಗಿಲಿಗೆ ಬಸ್ಸು ಓಡುತ್ತಿತ್ತು. ಅಂಗಡಿಯವನು ಎರಡು ಟ್ರಕ್ಕು ತಂದಿಟ್ಟ. ಒಂದು ಸಿದ್ಧವಾದದ್ದು, ಗುಂಡಿ ಒತ್ತಿದರೆ ಓಡುತ್ತದೆ. ಇನ್ನೊಂದು ಬರೀ ಡಬ್ಬಿ, ಒಳಗೆ ಬಿಡಿಭಾಗ. ಮಗಳು ಡಬ್ಬಿಯ ಮೇಲೆ ಕೈಯಿಟ್ಟಳು.

"ಇದ್ಯಾಕವ್ವ? ಅದು ಈಗಲೇ ಓಡ್ತದಲ್ಲ?"

"ಊಹ್ಞೂಂ. ಇದೇ ಬೇಕು."

ಡ್ರೈವರ್ ಅನುಮಾನದ ಪ್ರಾಣಿ. ಮಾರದೆ ಉಳಿದ ಮಾಲನ್ನು ದಾಟಿಸಲು ಅಂಗಡಿಯವನೇ ಮಗುವಿಗೆ ಕಣ್ಸನ್ನೆ ಮಾಡಿರಬೇಕು ಎಂದುಕೊಂಡ. ಆದರೂ ತಂದ.

ಸಿಂಚನಾ ಕೂಡ ಡಬ್ಬಿಗೇ ಬೆರಳು ತೋರಿಸಿದ್ದು ಪಾಲಯ್ಯನಿಗೆ ನೆನಪಾಯಿತು.

ಡ್ರೈವರ್ ಅಂಗಳದಲ್ಲಿ ಚಾಪೆ ಹಾಸಿ ಜೋಡಿಸಲು ಕೂತ. ಮಗಳು ಪಕ್ಕದಲ್ಲಿ ಕೂತು ಕೇಳಿದ ಸ್ಕ್ರೂ ಎತ್ತಿ ಕೊಟ್ಟಳು. "ಒಂದು ನಾನು ತಿರುಗಿಸಲಾ ಅಪ್ಪಾ?" ಎಂದಳು. "ಕೈ ಕೊಯ್ಕೊಂಡೀಯ, ಆ ಕಡೆ ಸರಿ" ಎಂದ. ಸಂಜೆಗೆ ಟ್ರಕ್ಕು ಓಡಿತು. ಮುಂದಿನ ವಾರ ಹೊಸ ಮೋಟಾರು ತಂದ. ಅದರ ಮುಂದಿನ ವಾರ ಹೊಸ ಅಚ್ಚು, ಹೊಸ ಸ್ಪ್ರಿಂಗು. ಕೊನೆಗೆ ಆ ಟ್ರಕ್ಕಿಗೆ ಎಂಥ ಬಲ ಬಂತೆಂದರೆ ಹಗ್ಗ ಕಿತ್ತುಕೊಂಡು ಕೆರೆಗೆ ಹೊರಟ ಎಮ್ಮೆಯನ್ನು ಮನೆಗೆ ಎಳೆದು ತಂದಿತು.

"ಎಮ್ಮೇನಾ ಮೇಸ್ತ್ರಿ?"

"ಕರು ಅಂದ್ಕೋ. ಮಧ್ಯೆ ಬಾಯಿ ಹಾಕಬೇಡ."

ಡ್ರೈವರ್ ನಟ್ಟುಗಳನ್ನೆಲ್ಲ ಬಿಗಿ ಮಾಡಿ, ಗೆರೆ ಎಳೆದು, ಚುಕ್ಕೆಯಿಟ್ಟು ಕೆಲಸಕ್ಕೆ ಹೋದ. ಸಂಜೆ ಬಂದರೆ ಗೆರೆ ಮುರಿದಿತ್ತು. ಮತ್ತೆ ಬಿಗಿ ಮಾಡಿದ. ಮರುದಿನವೂ ಮುರಿದಿತ್ತು. ಹೆಂಡತಿಯ ಮೇಲೆ ಅನುಮಾನ ಬಂತು. ನೆರೆಯವನ ಮೇಲೆ ಬಂತು, ಅವನ ಮನೆಯ ಚಹಾ ಬಿಟ್ಟ. ಬೆಕ್ಕಿನ ಉಗುರನ್ನು ಹಿಡಿದು ನೋಡಿದ. ಒಂದು ದಿನ ಬುತ್ತಿ ಹಿಡಿದು ಹೊರಟವನು ಹಿತ್ತಲಿನಿಂದ ತಿರುಗಿ ಬಂದು ನೀರಿನ ಡ್ರಮ್ಮಿನ ಹಿಂದೆ ನಿಂತ.

ಮಗಳು ಹೊಸಿಲ ಮೇಲೆ ಕೂತಿದ್ದಳು. ರಿಮೋಟು ಪಕ್ಕದಲ್ಲಿ ಬೋರಲು ಬಿದ್ದಿತ್ತು. ಅವಳು ನಾಲ್ಕೂ ಚಕ್ರ ಬಿಚ್ಚಿದಳು. ಸಣ್ಣ ಸ್ಕ್ರೂ ಒಂದು ಮುಚ್ಚಳದಲ್ಲಿ, ದೊಡ್ಡವು ಇನ್ನೊಂದರಲ್ಲಿ. ನಾಲಿಗೆ ಕಚ್ಚಿಕೊಂಡು ಒಂದೊಂದನ್ನೇ ಮತ್ತೆ ಕೂರಿಸಿದಳು. ಎಲ್ಲ ಮುಗಿದ ಮೇಲೆ ದೂಳು ಊದಿದಳು. ಆಮೇಲೆ ಮೊದಲಿನಿಂದ ಬಿಚ್ಚಲು ಶುರು ಮಾಡಿದಳು.

ಡ್ರೈವರ್ ಹೊರಗೆ ಬಂದ.

"ಯಾಕೆ ಮುರೀತಿದ್ದೀಯ?"

"ಮುರೀತಿಲ್ಲಪ್ಪಾ. ಕಟ್ತಿದ್ದೀನಿ."

"ಕಟ್ಟೋಕೆ ನಾನಿಲ್ವಾ?"

ಮಗಳು ಕೈಯಲ್ಲಿದ್ದ ಸ್ಕ್ರೂವನ್ನು ಮುಚ್ಚಳದಲ್ಲಿಟ್ಟಳು. ಡ್ರೈವರ್ ಅವತ್ತೇ ಗೋಂದು ತಂದು ಎಲ್ಲ ನಟ್ಟಿಗೂ ಹಾಕಿದ.

ಆಮೇಲೆ ಗೆರೆ ಮುರಿಯಲಿಲ್ಲ. ಡ್ರೈವರನ ಅನುಮಾನವೂ ಹೋಯಿತು, ನೆರೆಯವನ ಮನೆಯ ಚಹಾ ಮತ್ತೆ ಶುರುವಾಯಿತು. ಅಂಥ ಟ್ರಕ್ಕು ಸುತ್ತ ಏಳು ಹಳ್ಳಿಯಲ್ಲಿ ಯಾರ ಮಗುವಿನ ಬಳಿಯೂ ಇರಲಿಲ್ಲ. ಅಪ್ಪ ನೋಡಲಿ ಎಂದು ಮಗಳು ನಾಲ್ಕು ದಿನ ಅಂಗಳದಲ್ಲಿ ಓಡಿಸಿದಳು. ಐದನೆಯ ದಿನ ಒರೆಸಿ ಅಟ್ಟದ ಮೇಲಿಟ್ಟಳು.

"ಆಮೇಲೆ?" ಎಂದ ಪಾಲಯ್ಯ.

"ಆಮೇಲೇನು? ಅದು ಕೆಳಗಿಳಿಯಲಿಲ್ಲ. ಸ್ಕ್ರೂಡ್ರೈವರ್ ಇದ್ದ ಕಡೆಗೆ ಆ ಹುಡುಗಿ ಮತ್ತೆ ಬರಲಿಲ್ಲ. ಈಗ ಅವಳಿಗೇ ಅಷ್ಟುದ್ದದ ಮಗಳಿದ್ದಾಳೆ. ಮನೆಯಲ್ಲಿ ಒಂದು ಬಲ್ಬು ಹೋದರೂ ಗಂಡನ್ನ ಕೂಗ್ತಾಳಂತೆ. ಟ್ರಕ್ಕು ಹಾಗೇ ಐತೆ. ಗೆರೆ ಎಲ್ಲಾ ನೆಟ್ಟಗವೆ."

ಪಾಲಯ್ಯ ಕೈಯಲ್ಲಿದ್ದ ಟ್ಯೂಬನ್ನು ಒಮ್ಮೆ ನೋಡಿದ. ನಂತರ ಗುರುವಿನ ಮುಖವನ್ನೇ ದಿಟ್ಟಿಸಿದ.

"ಮೇಸ್ತ್ರಿ, ಗೆರೆ ಎಲ್ಲಾ ಶೆಡ್ಡಿನವರೂ ಎಳೀತಾರೆ. ತುದಿಗೆ ಚುಕ್ಕೆ ಇಡೋ ಪದ್ಧತಿ ನಮ್ಮ ಶೆಡ್ಡಿನದು ಮಾತ್ರ. ನೀವೇ ನನಗೆ ಹೇಳಿಕೊಟ್ಟಿದ್ದು. ಆ ಡ್ರೈವರ್‌ಗೆ ಯಾರು ಹೇಳಿಕೊಟ್ಟರು?"

ಮೇಸ್ತ್ರಿ ಕಿವಿಯ ಹಿಂದಿನ ಬೀಡಿ ತೆಗೆದ. ಅದನ್ನು ಬೆರಳಲ್ಲಿ ಹೊರಳಿಸುತ್ತ ಒಮ್ಮೆ ಭುಜ ಕುಣಿಸಿದ.

"ನಾನು ಬಿಗಿ ಮಾಡಿದ ನಟ್ಟು ಇಲ್ಲಿವರೆಗೆ ಒಂದೂ ಸಡಿಲ ಆಗಿಲ್ಲ ಅಂತ ಮೊದಲೇ ಹೇಳಲಿಲ್ವೇನೋ?"